ರೊಟ್ಟಿ ಬಡಿಯೋಕಿ ಕೈಯಾಗ ಲಟ್ಟಣಗಿ ಕೊಟ್ರ ಹೆಂಗ?

ಮೊದಲಿಗೇ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಆಮ್ಯಾಲೆ ಬೈಯೋರು ಬೈರಿ. ಅಮೇರಿಕದ ಫುಟ್‌ಬಾಲ್‌ನ್ಯಾಗ ಒಂದು ತಂಡದ ಆಟ ಹೆಂಗಿರಬೇಕು ಅನ್ನೋದನ್ನ ಆ ತಂಡದ ಕ್ವಾರ್ಟರ್‌ಬ್ಯಾಕ್‌ನ ಕೈಗುಣ ನೋಡಿ ಕಟ್ಟಬೇಕು. ಮೊದಲ ಆಟ ಕಟ್ಟಿಟ್ಟು, ಆಮ್ಯಾಲೆ ಬಂದ ಹುಡುಗನ್ನ ಅದರಾಗ ತುರುಕಬಾರದು. ಜ್ವಾಳದ ರೊಟ್ಟಿ ಬಡಿಯೋದ್ರಾಗ ಎತ್ತಿದ ಕೈ ಅನ್ನಿಸ್ಕೊಂಡಾಕಿ ಮುಂದ ಲಟ್ಟಣಗಿ ಇಟ್ಟು, "ನಮ್ಮ ಮನ್ಯಾಗ ಚಪಾತಿನ ಮಾಡೋದು" ಅಂದ್ರ ಚಪಾತಿನೂ ಕೆಡ್ತಾವ, ಆಕಿ ಕೈನೂ ಕೆಡ್ತದ.

ಹೋದ ಸಲ ಮಾವಿನಕಾಯಿ ಗುಳಂಬದ ಬಗ್ಗೆ ಬರದಾಕಿ ಈ ಸಲ ಇದೇನ ಹಚ್ಯಾಳ ಅಂತ ಹುಬ್ಬಳ್ಳಿ ವೈನಿ ಕೇಳೇ ಕೇಳ್ತಾರ. ಏನ್ ಮಾಡ್ಲಿ ವೈನಿ, ಮೇರಿಲ್ಯಾಂಡ್‌ನ್ಯಾಗ ಇದ್ದ ಮ್ಯಾಲೆ ಇದು ಕಿವಿಗೆ ಬೀಳಧಂಗ ಇರ್ಲಿಕ್ಕೆ ಸಾಧ್ಯ ಇಲ್ಲಾ. ಸೆಪ್ಟೆಂಬರ್ ಬಂತಂದ್ರ ಕಿರಾಣಿ ಅಂಗಡಿ ಹುಡುಗಿಯಿಂದ ಹಿಡದು ಹಲ್ಲಿನ ಡಾಕ್ಟರ್ ತನಕಾ ಎಲ್ಲಾರೂ ನೇರಳಿ ಬಣ್ಣದ ಅಂಗಿ ಹಾಕ್ಕೊಂಡು ನಿಂತಿರ್ತಾರ. ಬಾಲ್ಟಿಮೋರ್ ರೇವನ್ಸ್ ಅಂತ ಇಲ್ಲಿ ತಂಡ. ನಮ್ಮ ಮನ್ಯಾಗೂ ಐತವಾರ ಮಧ್ಯಾಹ್ನ ಟಿವಿ ಮುಂದ ಜಗಳ ನಡೀತದ, ಆ ಜಗಳದಾಗ ನನ್ನ ಪಾಲೂ ಅದ.

ಗೊತ್ತಿಲ್ಲದೋರಿಗೆ ಎರಡ ಮಾತಿನಾಗ ಹೇಳ್ತೀನಿ. ಇದು ಕಾಲಿಲೆ ಒದಿಯೋ ಫುಟ್‌ಬಾಲ್ ಅಲ್ಲ, ಕೈಯಾಗ ಹಿಡಕೊಂಡು ಓಡೋದು. ಒಂದೊಂದು ಕಡೆ 11 ಮಂದಿ. ಚೆಂಡು ಇದ್ದವರಿಗೆ ನಾಕು ಅವಕಾಶ, ಅಷ್ಟರಾಗ 10 ಗಜ ಮುಂದ ಹೋಗಬೇಕು. ಹೋದ್ರ ಮತ್ತ ನಾಕು ಸಿಗ್ತಾವ, ಇಲ್ಲಂದ್ರ ಚೆಂಡು ಎದರಿನವರ ಪಾಲು. ಪ್ರತಿ ಸಲ ಚೆಂಡು ಮೊದಲ ಬರೋದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಅಂವ ಅದನ್ನ ಹಿಂದ ನಿಂತ ಓಡೋ ಹುಡುಗನ ಕೈಗೆ ಕೊಡಬಹುದು, ದೂರ ಓಡಿ ಹೋದವಗ ಎಸಿಬಹುದು, ಇಲ್ಲಾ ತಾನ ಹಿಡಕೊಂಡು ಓಡಬಹುದು. ಇದೆಲ್ಲಾ ಮೂರ್ನಾಕು ಸೆಕೆಂಡಿನ್ಯಾಗ ಆಗಬೇಕು, ಯಾಕಂದ್ರ ಎದುರಿಂದ ಒಂದೊಂದು ಆಳು ಒಂದೂವರಿ ಕ್ವಿಂಟಲ್ ತೂಕದವರು ಮೈಮ್ಯಾಲೆ ಬರ್ತಿರ್ತಾರ. ಏನು ಮಾಡಬೇಕು ಅಂತ ತರಬೇತುದಾರರು ಅವನ ಹೆಲ್ಮೆಟ್‌ನ್ಯಾಗಿನ ರೇಡಿಯೋದಾಗ ಹೇಳ್ತಾರ ಖರೆ, ಆದ್ರ ಗಡಿಯಾರದಾಗ 15 ಸೆಕೆಂಡ್ ಉಳದಾಗ ಆ ರೇಡಿಯೋ ಬಂದಾಗ್ತದ. ಆಮ್ಯಾಲೆ ಅವಗ ಅವನ ತಲಿನ ಗತಿ.

ಈಗ ಲಮಾರ್ ಜ್ಯಾಕ್ಸನ್ ಸುದ್ದಿಗೆ ಬರ್ತೀನಿ. ಫ್ಲೋರಿಡಾದ ಪೊಂಪಾನೋ ಬೀಚ್ ಅನ್ನೋ ಊರಿನ ಹುಡುಗ. ಎಂಟು ವರ್ಷದವ ಇದ್ದಾಗ, 2005ರಾಗ, ಒಂದ ದಿನ ಅಪ್ಪನೂ ಹೋದ್ರು, ಅಜ್ಜಿನೂ ಹೋದ್ರು. ಬೆಳಸಿದಾಕಿ ತಾಯಿ, ಫೆಲಿಸಿಯಾ ಜೋನ್ಸ್. ಬರೇ ಬುತ್ತಿ ಕಟ್ಟಿ ಮೈದಾನಕ್ಕ ಕಳಿಸಿದ ತಾಯಿ ಅಲ್ಲ ಇಕಿ. ತಾನ ಮಕ್ಕಳ ಜೋಡಿ ಓಡಿ, ತಾನ ಅವರನ್ನ ಕೆಡವಿ, ಹಿತ್ತಲದಾಗ ಆಟ ಕಲಿಸಿದಾಕಿ. ಕಾಲೇಜಿಗೆ ಕಳಿಸೋ ಮುಂದ ಆಕಿ ಹಾಕಿದ ಷರತ್ತು ಒಂದ: ನನ್ನ ಮಗಾ ಕ್ವಾರ್ಟರ್‌ಬ್ಯಾಕ್ ಆಗಿನ ಆಡಬೇಕು, ಬ್ಯಾರೆ ಜಾಗಾದಾಗ ನಿಲ್ಲಸಬಾರದು. ಲೂಯಿವಿಲ್ ಕಾಲೇಜಿನವರು ಒಪ್ಪಿದ್ರು, 2016ರಾಗ ಅಂವ ದೇಶದ ಅತ್ಯುತ್ತಮ ಕಾಲೇಜ್ ಆಟಗಾರ ಅಂತ ಹೈಸ್‌ಮನ್ ಟ್ರೋಫಿ ತಗೊಂಡ.

ಅಷ್ಟಾದ್ರೂ 2018ರಾಗ ದೊಡ್ಡ ಲೀಗಿಗೆ ಬರೋ ಮುಂದ ಹಳೇ ಮಂದಿ ಶುರು ಮಾಡಿದ್ರು. ಬಿಲ್ ಪೋಲಿಯನ್ ಅಂತ ಭಾಳ ದೊಡ್ಡ ಹೆಸರಿನ ಮನಷ್ಯಾ, ಇಂವ ಚೆಂಡು ಹಿಡಿಯೋ ರಿಸೀವರ್ ಆಗಲಿ ಅಂದುಬಿಟ್ರು. ಕಾಲು ಭಾಳ ಚುರುಕು ಅವ, ಕ್ವಾರ್ಟರ್‌ಬ್ಯಾಕ್ ಕೆಲಸಾ ಬ್ಯಾರೆದವರು ಮಾಡ್ತಾರ ಅನ್ನೋ ಅರ್ಥ. ಈ ಹುಡುಗ ಏನ್ ಮಾಡಿದಾ ಗೊತ್ತದ ಏನು? ಹೊಸಾ ಹುಡುಗರೆಲ್ಲಾ 40 ಗಜ ಓಡಿ ತೋರಸಬೇಕಾದ ಪರೀಕ್ಷಾದಾಗ ಅಂವ ಓಡಲೇ ಇಲ್ಲ. ಓಡಿದ್ರ ಎಲ್ಲಾರೂ ಕಾಲನ ನೋಡ್ತಾರ, ಕೈ ನೋಡೂದಿಲ್ಲ ಅಂತ. ನನಗ ಈ ಹುಡುಗ ಸೇರಿದ್ದು ಅಲ್ಲೇ.

ಇಲ್ಲೊಂದು ಮಾತು ಹೇಳಲೇಬೇಕು. ಕರಿ ಮಂದಿ ಹುಡುಗರಿಗೆ "ನೀ ಓಡು, ವಿಚಾರ ಮಾಡೋ ಕೆಲಸಾ ನಾವು ಮಾಡ್ತೀವಿ" ಅನ್ನೋದು ಈ ಆಟದಾಗ ಭಾಳ ಹಳೇ ರೂಢಿ. ವಾರನ್ ಮೂನ್ ಅನ್ನೋವನ್ನ 1978ರಾಗ ಯಾವ ತಂಡದವರೂ ಆರಿಸ್ಕೊಳ್ಳಲಿಲ್ಲ. ಅಂವ ಕೆನಡಾಕ್ಕ ಹೋಗಿ ಅಲ್ಲೆ ಸಾಲಾಗಿ ಐದು ಸಲ ಕಪ್ ಗೆದ್ದ. 1984ರಾಗ ತಿರುಗಿ ಬಂದ, ಕಡೀಕೆ ಇಲ್ಲಿ ಹಾಲ್ ಆಫ್ ಫೇಮ್‌ನ್ಯಾಗನೂ ಹೆಸರು ಸೇರ್ತು. ತಲಿ ಕೆಲಸಾ ಒಬ್ಬರಿಗೆ, ಮೈ ಕೆಲಸಾ ಇನ್ನೊಬ್ಬರಿಗೆ ಅಂತ ಹಂಚಿಡೋ ಪದ್ಧತಿ ನಮ್ಮ ಕಡೆ ಮಂದಿಗೇನು ಹೊಸಾದಲ್ಲ, ಅದನ್ನ ನಾ ಬಿಡಿಸಿ ಹೇಳೋದು ಬ್ಯಾಡ.

ಆ ವರ್ಷ ಲಮಾರ್‌ಗಿಂತಾ ಮೊದಲ ನಾಕು ಮಂದಿ ಕ್ವಾರ್ಟರ್‌ಬ್ಯಾಕ್‌ಗಳನ್ನ ಆರಿಸ್ಕೊಂಡ್ರು. ರೇವನ್ಸ್‌ನವರೂ ಮೊದಲ ಸರತಿಗೆ ಬ್ಯಾರೆಯವನ್ನ ತಗೊಂಡು, ಆಮ್ಯಾಲೆ ಇನ್ನೊಂದು ತಂಡದ ಜೋಡಿ ಅದಲಾಬದಲಿ ಮಾಡಿ, ಮೊದಲನೇ ಸುತ್ತಿನ ಕಡೀ ಜಾಗಾದಾಗ, ಅಂದ್ರ 32ನೇದವನಾಗಿ ಇವನ್ನ ತಗೊಂಡ್ರು. ಆರಿಸಿದವರು ಆಜಿ ನ್ಯೂಸಮ್, ಈ ಲೀಗಿನ ಮೊದಲನೇ ಕರಿಯ ಜನರಲ್ ಮ್ಯಾನೇಜರ್.

ಮುಂದಿನದು ನನ್ನ ವಾದದ ತಿರುಳು. ರೇವನ್ಸ್‌ಗೆ ಆಗ ಜೋ ಫ್ಲ್ಯಾಕೋ ಕ್ವಾರ್ಟರ್‌ಬ್ಯಾಕ್. ಎತ್ತರದ ಆಳು, ನಿಂತಲ್ಲೇ ನಿಂತು ದೂರ ಎಸಿಯಾಂವ, ಆ ತಂಡಕ್ಕ ಸೂಪರ್ ಬೌಲ್ ಗೆದ್ದು ಕೊಟ್ಟಾಂವ. ಅವನ ಸೊಂಟಕ್ಕ ಪೆಟ್ಟಾತು. ಆಗ ತಂಡ 4 ಗೆದ್ದು 5 ಸೋತಿತ್ತು. ಲಮಾರ್‌ನ ಇಳಸಿದ್ರು, ಮೊದಲನೇ ಪಂದ್ಯದಾಗನ ಅಂವ ತಾನ ಭಾಳ ಸಲ ಚೆಂಡು ಹಿಡಕೊಂಡು ಓಡಿದ. ಉಳದ 7 ಪಂದ್ಯದಾಗ 6 ಗೆದ್ರು. ಬ್ಯಾರೆ ತಂಡ ಆಗಿದ್ರ ಅಷ್ಟಕ್ಕ ಖುಷಿ ಪಟ್ಟು ಮುಂದಿನ ವರ್ಷ "ಈಗ ಸರಿಯಾಗಿ ಆಡೋದು ಕಲಿ" ಅಂತಿದ್ರು. ತರಬೇತುದಾರ ಜಾನ್ ಹಾರ್ಬಾ ಹಂಗ ಮಾಡಲಿಲ್ಲ. ಫ್ಲ್ಯಾಕೋನ ಬ್ಯಾರೆ ತಂಡಕ್ಕ ಕಳಿಸಿ, ಗ್ರೆಗ್ ರೋಮನ್ ಅನ್ನೋರ ಕೈಯಾಗ ದಾಳಿ ಆಟದ ಜವಾಬ್ದಾರಿ ಕೊಟ್ಟು, ಅಡಗಿಮನಿನ ಕೆಡವಿ ಕಟ್ಟಿಸಿದ್ರು. ಒಲಿ ಯಾವ ಕಡೆ, ಹಂಚು ಎಲ್ಲೆ, ಎಲ್ಲಾ ಈ ಹುಡುಗನ ಕೈಗೆ ಎಟಕೋಹಂಗ. ದಪ್ಪನೆ ಆಳುಗಳನ್ನ ಮುಂದ ಹೆಚ್ಚು ನಿಲ್ಲಸಿದ್ರು, ಅವನ ಬದಲಿಗೆ ಕೂಡಸಿದ ಕ್ವಾರ್ಟರ್‌ಬ್ಯಾಕ್ ಸುದ್ದಾ ಓಡಲಿಕ್ಕೆ ಬರಾವನ್ನೇ ಇಟ್ಕೊಂಡ್ರು. ಅಂದ್ರ ಒಂದ ದಿನ ಮನಿಯಾಕಿ ಜಡ್ಡಾಗಿ ಮಲಗಿದ್ರೂ ಅದೇ ರೊಟ್ಟಿ ಆಗಬೇಕು.

ಇದರಾಗ ಒಂದು ಯುಕ್ತಿ ಅದ, ಅದನ್ನ ತಿಳಕೊಂಡ್ರ ಈ ಆಟ ನೋಡೋದು ಚಂದ ಆಗ್ತದ. ಲಮಾರ್ ಚೆಂಡನ್ನ ಓಡೋ ಹುಡುಗನ ಹೊಟ್ಟಿಗೆ ಹಚ್ಚಿ ಹಿಡೀತಾನ, ಆದ್ರ ಕೈ ಬಿಡೂದಿಲ್ಲ. ಎದರಿನ ಕಡೆ ಒಬ್ಬ ಕಾವಲುಗಾರನ್ನ ಬೇಕಂತನ ಯಾರೂ ಅಡ್ಡಗಟ್ಟದs ಬಿಟ್ಟಿರ್ತಾರ. ಅಂವ ಓಡೋ ಹುಡುಗನ ಬೆನ್ನ ಹತ್ತಿದನೋ, ಲಮಾರ್ ಚೆಂಡು ತಾನ ಇಟ್ಕೊಂಡು ಹೊರಗಿಂದ ಓಡ್ತಾನ. ಅಂವ ಲಮಾರ್‌ನ ಕಾಯ್ಕೋತ ನಿಂತನೋ, ಚೆಂಡು ಆ ಹುಡುಗನ ಹೊಟ್ಟ್ಯಾಗ ಉಳೀತದ. ಕಾವಲುಗಾರ ಏನು ಮಾಡಿದ್ರೂ ತಪ್ಪ. ಉಳದ ತಂಡದಾಗ ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟು ಕೈ ಒರಸ್ಕೊಂಡು ನಿಲ್ತಾನ, ಹಂಗಾಗಿ ಅವರು 10 ಮಂದಿ 11 ಮಂದಿ ಜೋಡಿ ಗುದ್ದಾಡಬೇಕು. ಇಲ್ಲೆ ಲೆಕ್ಕಾ ಸರಿಸಮ. ಅಷ್ಟ ಅಲ್ಲ, ಓಟಕ್ಕ ಹೆದರಿ ಕಾವಲುಗಾರರೆಲ್ಲಾ ಮುಂದ ಬಂದು ನಿಂತ್ರ ಹಿಂದ ಮೈದಾನ ಖಾಲಿ, ಎಸಿಯೋದು ಹಗುರಾಗ್ತದ.

2019ರಾಗ ಏನಾತು ಕೇಳ್ರಿ. ತಂಡ ಒಂದ ಸೀಸನ್‌ನ್ಯಾಗ 3,296 ಗಜ ಓಡಿತು. ಅಷ್ಟು ಅದಕ್ಕಿಂತಾ ಮೊದಲ ಯಾರೂ ಓಡಿರಲಿಲ್ಲ. ಲಮಾರ್ ಒಬ್ಬನ 1,206 ಗಜ ಓಡಿದ, ಅದೂ ಕ್ವಾರ್ಟರ್‌ಬ್ಯಾಕ್‌ಗಳ ದಾಖಲೆ. "ಎಸಿಲಿಕ್ಕೆ ಬರೂದಿಲ್ಲ" ಅಂದವರ ಮುಂದ 36 ಟಚ್‌ಡೌನ್ ಎಸದು ಲೀಗಿಗೇ ಮೊದಲಿನವ ಆದ. 16 ಪಂದ್ಯದಾಗ 14 ಗೆದ್ರು. ವರ್ಷದ ಅತ್ಯುತ್ತಮ ಆಟಗಾರ ಅಂತ ಒಂದ ಓಟೂ ತಪ್ಪಧಂಗ ಎಲ್ಲಾರೂ ಅವನ್ನೇ ಆರಿಸಿದ್ರು. ಮೊದಲನೇ ಪಂದ್ಯದಾಗನ ಐದು ಟಚ್‌ಡೌನ್ ಎಸದು, ಓಡೋ ಆಟಗಾರನ ಲೆಕ್ಕದಾಗ ಇದೇನು ಕಡಿಮಿ ಅಲ್ಲ ಅಂತ ನಕ್ಕೋತ ಹೇಳಿದ್ದ. ಒಂದ ಮಾತಿನಾಗ ಎಲ್ಲಾರ ಬಾಕಿ ತೀರಸಿದ.

ನಮ್ಮ ಮನಿಯವರದ್ದು ಬ್ಯಾರೆ ವಾದ. "ಒಬ್ಬನ ಮ್ಯಾಲೆ ಮನಿ ಕಟ್ಟಿದ್ರ ಅಂವ ಬಿದ್ದಾಗ ಮನಿನೂ ಬೀಳ್ತದ" ಅಂತಾರ. ಸುಳ್ಳಲ್ಲ. 2021ರಾಗ ತಂಡ 8 ಗೆದ್ದು 3 ಸೋತು ಛಲೋ ಇತ್ತು. ಆಮ್ಯಾಲೆ ಸಾಲಾಗಿ ಆರು ಸೋತ್ರು, ಅದರ ನಡುವ ಲಮಾರ್‌ನ ಕಾಲಿನ ಗಿಣ್ಣಿಗೆ ಪೆಟ್ಟಾಗಿ ಕಡೀ ನಾಕು ಪಂದ್ಯ ಅಂವ ಆಡಲೇ ಇಲ್ಲ. 2022ರಾಗ ಮೊಣಕಾಲು. ಇದಕ್ಕ ಬದಲಾಗಿ ಅವರು ತೋರಸೋದು ಸ್ಯಾನ್ ಫ್ರಾನ್ಸಿಸ್ಕೋ ತಂಡ. ಅಲ್ಲೆ ಆಟ ತರಬೇತುದಾರ ಕೈಲ್ ಶಾನಹನ್‌ದು. 2022ರಾಗ ಎಲ್ಲಾರಕಿಂತ ಕಡೀಕೆ, 262ನೇದವನಾಗಿ ಬಂದ ಬ್ರಾಕ್ ಪರ್ಡಿ ಅನ್ನೋ ಹುಡುಗ ಅದೇ ಆಟ ಆಡಿ 2024ರ ಫೆಬ್ರುವರಿಯೊಳಗ ಸೂಪರ್ ಬೌಲ್ ತನಕಾ ಹೋದ. ಖಾನಾವಳಿ ಇದ್ದಂಗ ಅದು, ಅಡಗಿಯವರು ಬದಲಾದ್ರೂ ಎಣಗಾಯಿ ರುಚಿ ಬದಲಾಗೂದಿಲ್ಲ. ನಾ ಅದನ್ನ ತಗದು ಹಾಕೂದಿಲ್ಲ. ಆದ್ರ ಖಾನಾವಳಿ ನಡಸಲಿಕ್ಕೆ ಅಂಥಾ ಮಾಲಕ ಬೇಕು, ಸುತ್ತ ಅಷ್ಟು ಛಲೋ ಕೈಯಾಳು ಬೇಕು. ಮತ್ತ ಕೈಯಾಗ ಲಮಾರ್‌ನಂಥಾವ ಇದ್ದಾಗ ಅವನ್ನ ಖಾನಾವಳಿ ಸಾಲಿನಾಗ ನಿಲ್ಲಸೋದು ದಡ್ಡತನ ಅಲ್ಲೇನ್ರಿ?

ಇನ್ನ ಜನವರಿ ತಕರಾರು. ಇಲ್ಲಿ ಮಂದಿ ಬಾಯಾಗ ಒಂದ ಮಾತು: ಲಮಾರ್ ಸೀಸನ್ ತುಂಬ ಆಡ್ತಾನ, ಕಡೀಕೆ ಸೋಲ್ತಾನ. ನನಗ ಈ ಮಾತು ಕೇಳಿದ್ರ ಸಿಟ್ಟು ಬರ್ತದ. ಸೋತದ್ದು ಖರೆ. ಆದ್ರ ಹೆಂಗ ಸೋತ್ರು ನೋಡ್ರಿ. 2020ರ ಜನವರಿಯೊಳಗ ಟೆನೆಸಿ ಎದುರು ಹಿಂದ ಬಿದ್ದಕೂಡ್ಲೆ ಗಾಬರಿಯಾಗಿ ಅವನ ಕಡಿಂದ 59 ಸಲ ಚೆಂಡು ಎಸಿಸಿದ್ರು. 28ಕ್ಕ 12, ಸೋಲು. 2024ರ ಜನವರಿಯೊಳಗ ಕ್ಯಾನ್ಸಸ್ ಸಿಟಿ ಎದುರು ಸೂಪರ್ ಬೌಲಿಗೆ ಒಂದ ಮೆಟ್ಟಲಾ ಉಳದಿತ್ತು, ನಮ್ಮ ಊರಾಗನ ಪಂದ್ಯ. ವರ್ಷಾನುಗಟ್ಲೆ ಓಡೋ ಆಟ ಕಟ್ಟಿದ ತಂಡ, ಆ ದಿನಾ ಓಡೋ ಹುಡುಗರ ಕೈಗೆ ಚೆಂಡು ಕೊಟ್ಟದ್ದು ಎಷ್ಟು ಸಲ? ಇಡೀ ಪಂದ್ಯದಾಗ ಆರು ಸಲ! ಸೋತದ್ದು 17ಕ್ಕ 10, ಅಂದ್ರ ಹಿಂದ ಬಿದ್ದು ಕಂಗಾಲಾಗೋವಷ್ಟೇನೂ ಆಗಿರಲಿಲ್ಲ. ಮದವಿ ದಿನಾ ದೊಡ್ಡ ಮಂದಿ ಬರ್ತಾರಂತ ಹೆದರಿ, ದಿನಾ ರೊಟ್ಟಿ ಬಡದಾಕಿಗೆ ಅವತ್ತು ಲಟ್ಟಣಗಿ ಹಿಡಸಿದ್ರು. ಕೆಟ್ಟದ್ದಕ್ಕ ಬೈಸ್ಕೊಂಡಾಕಿ ಆಕಿನ. ಲಮಾರ್‌ದೂ ಪಾಲಿತ್ತು, ಒಂದು ಚೆಂಡು ಎದರಿನವರ ಮಂದ್ಯಾಗ ಎಸದು ಕಳದ, ಅದನ್ನ ಮುಚ್ಚೂದಿಲ್ಲ. ಆದ್ರ ಆಟ ಬದಲಿಸಿದವರು ಮ್ಯಾಲೆ ಕೂತವರು.

2024ರ ಸೀಸನ್‌ಗೆ ಡೆರಿಕ್ ಹೆನ್ರಿನ ಕರಕೊಂಡು ಬಂದ್ರು. ನಾಕು ವರ್ಷದ ಹಿಂದ ಟೆನೆಸಿ ಕಡೆ ಇದ್ದು ಇದೇ ರೇವನ್ಸ್ ಮ್ಯಾಲೆ 195 ಗಜ ಓಡಿ ಕಣ್ಣೀರ ಹಾಕಿಸಿದಾವ ಅವನ! ಕಾವಲುಗಾರರಿಗೆ ಈಗ ಎರಡೂ ಕಡೆ ಹುಲಿ. ಹೆನ್ರಿ 1,921 ಗಜ ಓಡಿದ, ಲಮಾರ್ 41 ಟಚ್‌ಡೌನ್ ಎಸದ, ತಪ್ಪಿ ಎದರಿನವರಿಗೆ ಸಿಕ್ಕದ್ದು ಬರೇ 4. ಒಂದ ಸೀಸನ್‌ನ್ಯಾಗ 4,000 ಗಜ ಎಸದು 3,000 ಗಜ ಓಡಿದ ತಂಡ ಈ ಲೀಗಿನ ಇತಿಹಾಸದಾಗ ಅದ ಮೊದಲನೇದು. ಆಟ ಒಬ್ಬನ ಸುತ್ತ ಕಟ್ಟಿದ್ರ ಉಳದವರು ಸಣ್ಣವರಾಗ್ತಾರ ಅಂತಾರಲ್ಲ, ಹೆನ್ರಿನ ಕೇಳ್ರಿ. ಕಡೀಕೆ ಬಫಲೋದಾಗ 27ಕ್ಕ 25, ಸರಿಗಟ್ಟೋ ಚೆಂಡು ಮಾರ್ಕ್ ಆಂಡ್ರೂಸ್‌ನ ಕೈಯಾಗಿಂದ ಜಾರ್ತು. ಭಾಳ ವರ್ಷದ ಜೊತಿಗಾರ. ಲಮಾರ್ ಅವನ ಮ್ಯಾಲೆ ಹಾಕಲಿಲ್ಲ, ನಾವೆಲ್ಲಾ ಒಂದ ತಂಡ ಅಂದ.

ತಾಯಿ ಸುದ್ದಿ ಒಂದು ಉಳೀತು. ಈ ಲೀಗಿನಾಗ ಹೆಚ್ಚಿನವರಿಗೆ ಏಜೆಂಟ್ ಇರ್ತಾರ. ಲಮಾರ್‌ಗಿಲ್ಲ, ಅವನ ವ್ಯವಹಾರ ನೋಡ್ಕೊಳ್ಳಾಕಿ ತಾಯಿನ. 2023ರಾಗ ತಂಡದ ಜೋಡಿ ಕರಾರು ಕೂಡಲಿಲ್ಲ, ಅಂವ ಬ್ಯಾರೆ ಕಡೆ ಕಳಿಸ್ರಿ ಅಂತ ಎಲ್ಲಾರ ಮುಂದ ಹೇಳಿದ. ಏಜೆಂಟ್ ಇಲ್ಲದ ಮೋಸ ಹೋಗ್ತಾನ ಅಂತ ಟಿವಿಯೊಳಗ ಮಂದಿ ಮರುಗಿದ್ದ ಮರುಗಿದ್ದು. ಏಪ್ರಿಲ್‌ನ್ಯಾಗ ಐದು ವರ್ಷಕ್ಕ 260 ಮಿಲಿಯನ್ ಡಾಲರ್‌ಗೆ ಸಹಿ ಬಿತ್ತು. ಮರುಗಿದವರು ಸಹಿ ಬಿದ್ದ ದಿನಾ ಏನಂದ್ರೋ ನಾ ಕೇಳಲಿಲ್ಲ, ನಾ ಅವತ್ತ ಶಾವಿಗಿ ಪಾಯಸ ಮಾಡಿದ್ದೆ.

ಮೌಶಿ ಅಕ್ಟೋಬರ್‌ನ್ಯಾಗ ಇಲ್ಲಿ ಬರೋರಿದ್ದಾರ, "ನನಗ ಅದೆಲ್ಲಾ ತಿಳಿಯೂದಿಲ್ಲವಾ" ಅಂತ ಈಗಿಂದನ ಶುರು ಮಾಡ್ಯಾರ. ಮೌಶಿ, ಚುರಮರಿ ಬಟ್ಟಲಾ ಹಿಡಕೊಂಡು ನನ್ನ ಬಾಜೂಕ ಕೂಡ್ರಿ ಸಾಕು. ಚೆಂಡಿನ ಹಿಂದ ಕಣ್ಣು ಓಡಸಬ್ಯಾಡ್ರಿ, ಕಳದು ಹೋಗ್ತದ. 8ನೇ ನಂಬರಿನ ಅಂಗಿ ಲಮಾರ್‌ದು. ಅವನ ಎದುರಿಗೆ ಯಾರೂ ಅಡ್ಡಗಟ್ಟದs ಬಿಟ್ಟಾರಲ್ಲ, ಆ ಒಬ್ಬ ಕಾವಲುಗಾರನ ಕಾಲು ನೋಡ್ಕೋತ ಇರ್ರಿ, ಯಾವ ಕಡೆ ತಿರಗ್ತಾವ ಅಂತ.