ಮನಶ್ಚಿಕಿತ್ಸೆಯೂ ಮನೆಮಾತೂ

ಮನೋರೋಗದ ವಿಷಯವಾಗಿ ವಿದ್ಯಾವಂತರ ಕುಟುಂಬಗಳಲ್ಲಿ ಎರಡು ಅಭಿಪ್ರಾಯಗಳು ಪ್ರಬಲವಾಗಿವೆ. ಮನಸ್ಸೆಂಬುದು ಸರ್ವತ್ರ ಒಂದೇ ಆದುದರಿಂದ ಪಾಶ್ಚಾತ್ಯರು ಕಂಡುಹಿಡಿದ ಚಿಕಿತ್ಸಾಕ್ರಮವನ್ನು ಇದ್ದುದಿದ್ದಂತೆ ತಂದು ಪ್ರಯೋಗಿಸಿದರೆ ಸಾಕೆಂಬುದು ಒಂದು. ಪೂರ್ವಿಕರು ಹೇಳದೆ ಬಿಟ್ಟುದು ಯಾವುದೂ ಇಲ್ಲವಾದುದರಿಂದ ಮನಸ್ಸಿನ ವ್ಯಾಧಿಗಾಗಿ ಪರಕೀಯರ ಬಾಗಿಲಿಗೆ ಹೋಗಬೇಕಾದುದೇ ಇಲ್ಲವೆಂಬುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ದೋಷದಲ್ಲಿ ಸಮಾನವಾಗಿವೆ: ಎದುರಿಗೆ ಕುಳಿತಿರುವ ರೋಗಿಯ ಮಾತನ್ನು ಕೇಳುವ ಸಹನೆಯು ಎರಡಕ್ಕೂ ಇಲ್ಲ.

ಇದು ಕೇವಲ ವಾಗ್ವಾದದ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6ರಷ್ಟು ಜನರು ಆಗ ಒಂದಲ್ಲ ಒಂದು ಮನೋವ್ಯಾಧಿಯಿಂದ ಪೀಡಿತರಾಗಿದ್ದರು; ಅವರಲ್ಲಿ ಬಹುಪಾಲಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಹೇಗೋ ಧೈರ್ಯಮಾಡಿ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಿದ ಕೆಲವರಾದರೂ ಅಲ್ಲಿ ತಮ್ಮ ಸಂಕಟವನ್ನು ಹೇಳಿಕೊಳ್ಳಲಾರದೆ ಹಿಂದಿರುಗುವುದಾದರೆ, ಆ ಆಸ್ಪತ್ರೆಯು ಇದ್ದೂ ಇಲ್ಲದಂತೆಯೇ ಸರಿ.

ಮೊದಲನೆಯ ಪಕ್ಷವನ್ನು ಮೊದಲು ವಿಚಾರಿಸತಕ್ಕುದು. ಶೀತಜ್ವರದ ಔಷಧವು ಎಲ್ಲ ದೇಶದವರಿಗೂ ಒಂದೇ ಆಗಿರುವಂತೆ ಮನೋವ್ಯಾಧಿಯ ಉಪಚಾರವೂ ಒಂದೇ ಆಗಿರಬೇಕೆಂದು ಆ ಪಕ್ಷದವರ ವಾದ. ಗುಳಿಗೆಯ ಮಟ್ಟಿಗೆ ಇದು ಬಹುಮಟ್ಟಿಗೆ ಒಪ್ಪತಕ್ಕ ಮಾತು. ಉನ್ಮಾದದ ತೀವ್ರಾವಸ್ಥೆಯಲ್ಲಿ ಔಷಧವು ಎಷ್ಟೋ ಜನರನ್ನು ಕಾಪಾಡಿದೆ. ಅದನ್ನು ನಿಲ್ಲಿಸಿಬಿಡಿರೆಂದು ಹೇಳುವವನು ರೋಗಿಯ ಮಿತ್ರನಲ್ಲ. ಆದರೆ ಮಾತಿನಿಂದ ನಡೆಯತಕ್ಕ ಚಿಕಿತ್ಸೆಯ ಸಂಗತಿ ಬೇರೆ. ಅಲ್ಲಿ ನಾಡಿಯನ್ನು ತಿಳಿಯುವುದೂ ಮಾತಿನಿಂದಲೇ, ಔಷಧವನ್ನು ಕೊಡುವುದೂ ಮಾತಿನಿಂದಲೇ. ಭಾಷೆಯು ಬದಲಾದ ಮೇಲೆ ಔಷಧವು ಬದಲಾಗಲಿಲ್ಲವೆಂದು ಹೇಳುವುದು ಹೇಗೆ?

ಈ ವಾದಕ್ಕೆ ಆ ಶಾಸ್ತ್ರದ ಚರಿತ್ರೆಯೇ ಅನುಕೂಲವಾಗಿಲ್ಲ. ವಿಯೆನ್ನಾ ನಗರದ ಫ್ರಾಯ್ಡ್ ಪಂಡಿತನು 1901ರಲ್ಲಿ ನಾಲಗೆಯ ತಪ್ಪುಗಳನ್ನೂ ಮರೆವನ್ನೂ, 1905ರಲ್ಲಿ ಹಾಸ್ಯೋಕ್ತಿಗಳನ್ನೂ ಕುರಿತು ಗ್ರಂಥಗಳನ್ನು ಬರೆದನು. ಅವುಗಳಲ್ಲಿ ಅವನು ಬಿಡಿಸಿದ ಶ್ಲೇಷೆಗಳು ಹೆಚ್ಚಾಗಿ ಜರ್ಮನ್ ಭಾಷೆಯವು. ಅನುವಾದಕನು ಅಲ್ಲಲ್ಲಿ ಟಿಪ್ಪಣಿಯನ್ನು ಬರೆಯದೆ ಮುಂದೆ ಸಾಗಲಾರನು. ಹೀಗೆ ಒಂದು ಭಾಷೆಯ ಗರ್ಭದಲ್ಲಿ ಹುಟ್ಟಿದ ವಿದ್ಯೆಯನ್ನು ಭಾಷೆಯ ಹಂಗಿಲ್ಲದ ವಿದ್ಯೆಯೆಂದು ಹೊಗಳುವುದು ಅದರ ಕರ್ತೃವಿಗೂ ಅಪಚಾರ. ಕಲ್ಕತ್ತೆಯಲ್ಲಿ 1922ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಗಿರೀಂದ್ರಶೇಖರ ಬೋಸರು ಆ ವಿದ್ಯೆಯನ್ನು ಗೌರವದಿಂದ ಸ್ವೀಕರಿಸಿಯೂ, ಯೂರೋಪಿನ ರೋಗಿಗಳಲ್ಲಿ ಸ್ಪಷ್ಟವಾಗಿ ಕಾಣುವ ಕೆಲವು ಲಕ್ಷಣಗಳು ತಮ್ಮ ರೋಗಿಗಳಲ್ಲಿ ಅಷ್ಟು ಸ್ಪಷ್ಟವಾಗಿಲ್ಲವೆಂದು ಫ್ರಾಯ್ಡನಿಗೇ ಬರೆದು ತಿಳಿಸಿದರು. ಶಿಷ್ಯವೃತ್ತಿಯೆಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಈಗ ಪಾಶ್ಚಾತ್ಯರೂ ಇದನ್ನು ಒಪ್ಪಿದ್ದಾರೆ. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಗ್ರಂಥದಲ್ಲಿ, ರೋಗಿಯು ತನ್ನ ಕಷ್ಟವನ್ನು ಯಾವ ಹೆಸರಿನಿಂದ ಕರೆಯುತ್ತಾನೆ, ಅದಕ್ಕೆ ಕಾರಣವೇನೆಂದು ತಿಳಿದಿದ್ದಾನೆ ಎಂದು ಮುಂತಾಗಿ ಕೇಳತಕ್ಕ 16 ಪ್ರಶ್ನೆಗಳನ್ನು ಸೇರಿಸಿದೆ. ಮೂಲದವರೇ ಬಿಟ್ಟ ಹಟವನ್ನು ಅನುಯಾಯಿಗಳು ಹಿಡಿದು ಕುಳಿತಿರುವುದು ವಿಚಿತ್ರ.

ಕನ್ನಡನಾಡಿನ ಗೃಹಿಣಿಯೊಬ್ಬಳು ವೈದ್ಯನೆದುರಿಗೆ ಕುಳಿತು "ನನಗೆ ಖಿನ್ನತೆಯಾಗಿದೆ" ಎಂದು ಹೇಳುವುದು ಅಪೂರ್ವ. ಎದೆಯಲ್ಲಿ ಬೆಂಕಿಯಿಟ್ಟ ಹಾಗಿದೆ, ಹೊಟ್ಟೆಯೊಳಗೆ ಸಂಕಟ, ತಲೆ ಭಾರ, ಯಾವುದರಲ್ಲಿಯೂ ಮನಸ್ಸಿಲ್ಲ, ಜೀವವೇ ಬೇಡವಾಗಿದೆ ಎಂದು ಅವಳು ಹೇಳುವಳು. ಇದನ್ನು ಅಜ್ಞಾನವೆಂದು ತಿಳಿಯುವವನೇ ಅಜ್ಞನು. ಬೆಂಗಳೂರಿನಲ್ಲಿ ಡಾ. ರಘುರಾಮ್ ಮತ್ತು ಸಂಗಡಿಗರು 80 ಮಂದಿ ಹೊರರೋಗಿಗಳನ್ನು ವಿಚಾರಿಸಿ 1996ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಮರ್ಮವು ತಿಳಿಯಬರುತ್ತದೆ. ಮನಸ್ಸಿನ ದುಃಖವನ್ನು ಹೊರಗೆ ಹೇಳಿದರೆ ಮಾನಹಾನಿಯಾದೀತು, ಮದುವೆ ಮುಂತಾದುವಕ್ಕೆ ಅಡ್ಡಿಯಾದೀತು ಎಂಬ ಭಯವು ಜನರಲ್ಲಿದೆ. ಮೈನೋವು ಎಲ್ಲರಿಗೂ ಬರುವಂಥದು, ಅದನ್ನು ಹೇಳಿಕೊಳ್ಳಲು ಅಂಥ ಲಜ್ಜೆಯಿಲ್ಲ. ಎಂದಮೇಲೆ ಎದೆಯುರಿಯೆಂಬುದು ಆ ಹೆಂಗಸು ತನ್ನ ಮಾನವನ್ನೂ ಮನೆಯ ಮರ್ಯಾದೆಯನ್ನೂ ಕಾಪಾಡಿಕೊಂಡು ಆಡಿದ ಮಾತು. ಅದನ್ನು ಬಲ್ಲ ವೈದ್ಯನು ಎದೆಯನ್ನೂ ಪರೀಕ್ಷಿಸಿ, ಬಳಿಕ "ಮನೆಯಲ್ಲಿ ಹೇಗಿದ್ದೀಯಮ್ಮ?" ಎಂದು ಕೇಳುವನು. ಅರಿಯದವನು ಹೊಟ್ಟೆಗೆ ಒಂದು ಗುಳಿಗೆಯನ್ನು ಬರೆದುಕೊಟ್ಟು ಮುಂದಿನವರನ್ನು ಕರೆಯುವನು. ಆ ಹೆಂಗಸಿನ ದುಃಖವು ಅವಳೊಡನೆಯೇ ಮನೆಗೆ ಹಿಂದಿರುಗುವುದು.

ಇನ್ನು ಮನೆಯವರ ವಿಚಾರ. ರೋಗಿಯನ್ನು ಒಂಟಿಯಾಗಿ ಕೂರಿಸಿಕೊಂಡು, ತಂದೆತಾಯಿಗಳ ಹಿಡಿತದಿಂದ ಬಿಡಿಸಿ ಸ್ವತಂತ್ರನನ್ನಾಗಿ ಮಾಡುವುದೇ ಗುಣವೆಂದು ಕೆಲವು ಪಾಶ್ಚಾತ್ಯ ಗ್ರಂಥಗಳ ಮತ. ಕೂಡಿ ಬಾಳುವುದನ್ನೇ ಧರ್ಮವೆಂದು ಕಲಿತವನಿಗೆ ಇದು ಎಷ್ಟೋ ವೇಳೆ ಎರಡನೆಯ ರೋಗವಾಗಿ ಪರಿಣಮಿಸುವುದು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿ ಬಂಧುಗಳನ್ನು ಆವರಣದಲ್ಲಿಯೇ ಡೇರೆಗಳಲ್ಲಿ ಇರಿಸಿಕೊಂಡು ಅವರನ್ನೂ ಶುಶ್ರೂಷೆಯಲ್ಲಿ ಸೇರಿಸಿಕೊಂಡರು. ಯಾವ ಪರದೇಶದ ಪುಸ್ತಕವನ್ನೂ ನೋಡಿ ಮಾಡಿದ ಕೆಲಸವಲ್ಲ ಅದು. ಆದರೆ ಇಲ್ಲಿಯೂ ವಿವೇಕವು ಬೇಕು. ಸೊಸೆಯನ್ನು ಕೇಳಿದ ಪ್ರಶ್ನೆಗೆ ಅತ್ತೆಯೇ ಉತ್ತರ ಹೇಳುವುದು, ಮಗನ ಮನಸ್ಸನ್ನು ತಂದೆಯೇ ವ್ಯಾಖ್ಯಾನಿಸುವುದು, ಇವು ಕುಟುಂಬವಾತ್ಸಲ್ಯವಲ್ಲ. ಮನೆಯೇ ಔಷಧವಾಗಬಹುದು, ಮನೆಯೇ ರೋಗಕ್ಕೆ ಹೇತುವೂ ಆಗಿರಬಹುದು. 2017ರ ಮಾನಸಿಕ ಆರೋಗ್ಯ ಶಾಸನವು ತನ್ನ ಪ್ರತಿನಿಧಿ ಯಾರೆಂಬುದನ್ನು ಗೊತ್ತುಮಾಡುವ ಹಕ್ಕನ್ನು ವಯಸ್ಕ ರೋಗಿಗೇ ಕೊಟ್ಟು, ಅವನ ರಹಸ್ಯವನ್ನು ಕಾಪಾಡಬೇಕೆಂದು ವಿಧಿಸಿರುವುದು ಉಚಿತವಾಗಿದೆ. ಮನೆಯವರನ್ನು ಕರೆಯಬೇಕು, ರೋಗಿಯ ಮಾತನ್ನು ಪ್ರತ್ಯೇಕವಾಗಿಯೂ ಕೇಳಬೇಕು.

ಎರಡನೆಯ ಪಕ್ಷದವರು ಇಷ್ಟನ್ನು ಕೇಳಿ ಸಂತೋಷಪಡಬಹುದು. ಅವರ ಸಂತೋಷವು ಅಕಾಲಿಕ. ಎಲ್ಲವೂ ಚರಕದಲ್ಲಿದೆಯೆಂದು ಸಭೆಗಳಲ್ಲಿ ಸಾರುವವರು ಚರಕವನ್ನು ತೆರೆದು ನೋಡಿದಂತೆ ಕಾಣುವುದಿಲ್ಲ. ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯ ಎಂದು ಮೂರು ಬಗೆಯ ಚಿಕಿತ್ಸೆಯನ್ನು ಹೇಳಿ, ಅಹಿತವಾದ ವಿಷಯಗಳಿಂದ ಮನಸ್ಸನ್ನು ತಡೆಯುವುದೇ ಸತ್ತ್ವಾವಜಯವೆಂದು ಆ ಸಂಹಿತೆಯು ನಿರೂಪಿಸಿರುವುದು ನಿಜ; ಅಷ್ಟು ಪ್ರಾಚೀನ ಕಾಲದಲ್ಲಿ ಅಷ್ಟು ಸೂಕ್ಷ್ಮವಾದ ವಿಭಾಗವು ಹೆಮ್ಮೆಪಡತಕ್ಕುದೇ. ಪ್ರಜ್ಞಾಪರಾಧದಿಂದ ಹುಟ್ಟಿದ ವ್ಯಾಧಿಗೆ ದೇವತೆಗಳನ್ನೂ ಪಿಶಾಚಗಳನ್ನೂ ದೂರಬಾರದೆಂಬ ಅಭಿಪ್ರಾಯವೂ ಅದರ ನಿದಾನಸ್ಥಾನದಲ್ಲಿಯೇ ಉಂಟು. ಆದರೆ ಚಿಕಿತ್ಸಾಸ್ಥಾನದ ಉನ್ಮಾದಾಧ್ಯಾಯದಲ್ಲಿ ಹಲ್ಲು ಕಿತ್ತ ಸರ್ಪದಿಂದಲೂ ಪಳಗಿಸಿದ ಸಿಂಹದಿಂದಲೂ ರೋಗಿಯನ್ನು ಹೆದರಿಸುವ ಉಪಾಯವೂ ಇದೆ. ಎಲ್ಲವನ್ನೂ ಆಚರಿಸಬೇಕೆನ್ನುವವರು ಇದನ್ನೂ ತಮ್ಮ ಮಕ್ಕಳ ಮೇಲೆ ಪ್ರಯೋಗಿಸುವರೆ? ಇಲ್ಲವೆಂದರೆ ಪ್ರಾಚೀನವಾದುದರಲ್ಲಿಯೂ ಆಯ್ಕೆ ಮಾಡಬೇಕಾಯಿತು.

ದೇವಸ್ಥಾನಗಳ ವಿಷಯವೂ ಹೀಗೆಯೇ. ತಮಿಳುನಾಡಿನ ಒಂದು ದೇಗುಲದಲ್ಲಿ ಕೆಲವು ವಾರಗಳು ತಂಗಿದ್ದ 31 ಮಂದಿ ರೋಗಿಗಳನ್ನು ನಿಮ್ಹಾನ್ಸಿನ ವೈದ್ಯರು ಪರೀಕ್ಷಿಸಿ, ಅವರ ರೋಗಲಕ್ಷಣಗಳ ಪ್ರಮಾಣವು ನೂರಕ್ಕೆ ಸುಮಾರು 20ರಷ್ಟು ತಗ್ಗಿತೆಂದು 2002ರಲ್ಲಿ ಪ್ರಕಟಿಸಿದರು. ಅಲ್ಲಿ ವಿಶೇಷ ಮಂತ್ರತಂತ್ರಗಳಿರಲಿಲ್ಲ. ಹೆದರಿಸುವವರಿಲ್ಲದ ಶಾಂತವಾದ ಆಶ್ರಯವಿತ್ತು, ಮಾಡಲು ಸಣ್ಣಪುಟ್ಟ ಕೆಲಸವಿತ್ತು, ಹತ್ತಿರ ಬಂಧುಗಳಿದ್ದರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಆಶ್ರಯವನ್ನರಸಿ ಬಂದವರನ್ನು ಖಾಸಗಿ ಗುಡಿಸಲುಗಳಲ್ಲಿ ಸರಪಣಿಯಿಂದ ಕಟ್ಟಿಹಾಕಿದ್ದರು. 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಓಡಿಹೋಗಲಾರದೆ 28 ಮಂದಿ ಸತ್ತರು. ಎರಡು ಕಡೆಯೂ ಶ್ರದ್ಧೆಯಿತ್ತು. ಒಂದು ಕಡೆ ದಯೆಯೂ ಇತ್ತು, ಇನ್ನೊಂದು ಕಡೆ ಸಂಕೋಲೆಯಿತ್ತು. ಸಂಕೋಲೆಯನ್ನು ಸಂಸ್ಕೃತಿಯೆಂದು ಕರೆದು ರಕ್ಷಿಸುವವನು ಸಂಸ್ಕೃತಿಗೇ ದ್ರೋಹಿ. ಮೇಲೆ ಹೇಳಿದ ಶಾಸನವು ಸರಪಣಿಯನ್ನು ಯಾವ ರೂಪದಲ್ಲಿಯೂ ಕೂಡದೆಂದು ನಿಷೇಧಿಸಿದೆ.

ವೈದ್ಯನು ಗುರುವಿನಂತೆಯೂ ರೋಗಿಯು ಶಿಷ್ಯನಂತೆಯೂ ಇರುವುದು ಭಾರತೀಯರಿಗೆ ಒಗ್ಗುವ ಮಾರ್ಗವೆಂದು ಡಾ. ಜೆ. ಎಸ್. ನೇಕಿಯವರು 1973ರಲ್ಲಿ ಪ್ರತಿಪಾದಿಸಿದರು. ಇದು ಗಂಭೀರವಾದ ವಿಚಾರ. ಆದರೂ ಗುರುತ್ವದ ಲಕ್ಷಣವು ಆಜ್ಞಾಪಿಸುವುದಲ್ಲ, ಅಧಿಕಾರಿಭೇದವನ್ನು ತಿಳಿದು ಬೋಧಿಸುವುದು. ಒಂದೇ ಪಾಠವನ್ನು ಮಂದನಿಗೊಂದು ರೀತಿಯಲ್ಲಿ, ತೀಕ್ಷ್ಣನಿಗೊಂದು ರೀತಿಯಲ್ಲಿ ಹೇಳಬಲ್ಲವನೇ ಗುರು. ಈ ಅಧಿಕಾರಿಭೇದವೇ ಮನಶ್ಚಿಕಿತ್ಸೆಗೆ ಭಾರತೀಯ ಸಂಪ್ರದಾಯವು ಕೊಡಬಲ್ಲ ನಿಜವಾದ ಕಾಣಿಕೆ. ಹಳ್ಳಿಯ ಒಕ್ಕಲಿಗನಿಗೂ ಪಟ್ಟಣದ ಗುಮಾಸ್ತನಿಗೂ, ಹೊಸದಾಗಿ ಮದುವೆಯಾದವಳಿಗೂ ವಿಧವೆಗೂ, ಭಕ್ತನಿಗೂ ನಾಸ್ತಿಕನಿಗೂ ಒಂದೇ "ಭಾರತೀಯ ಮನಸ್ಸನ್ನು" ಆರೋಪಿಸುವುದು, ಎಲ್ಲರಿಗೂ ಒಂದೇ ಪಾಶ್ಚಾತ್ಯ ಮನಸ್ಸನ್ನು ಆರೋಪಿಸಿದಷ್ಟೇ ತಪ್ಪು.

ಆದುದರಿಂದ ಸಿದ್ಧಾಂತವು ಇಷ್ಟು: ಚಿಕಿತ್ಸೆಯು ರೋಗಿಯ ಮನೆಮಾತಿನಲ್ಲಿ ಆರಂಭವಾಗಬೇಕು. ಕನ್ನಡನಾಡಿನಲ್ಲಿ ಮನೋವೈದ್ಯನಾಗತಕ್ಕವನಿಗೆ ಕನ್ನಡದ ದುಃಖದ ಮಾತುಗಳನ್ನು, ಬಳ್ಳಾರಿಯ ಮಾತೂ ಕರಾವಳಿಯ ಮಾತೂ ಬೇರೆಯೆಂಬುದನ್ನು ಲಕ್ಷ್ಯದಲ್ಲಿಟ್ಟು, ಪಾಠವಾಗಿಯೇ ಕಲಿಸಬೇಕು. ಕನ್ನಡವು ಇದಕ್ಕೆ ಅಸಮರ್ಥವೆಂಬ ಆಕ್ಷೇಪವು ನಿಲ್ಲತಕ್ಕುದಲ್ಲ, ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಬಹುಮಾನವು ಬಂದಿದೆ. ಮನಸ್ಸಿನ ಶಾಸ್ತ್ರವನ್ನು ಗೃಹಸ್ಥರಿಗೆ ಕನ್ನಡದಲ್ಲಿ ತಿಳಿಸಬಹುದಾದರೆ ವೈದ್ಯರಿಗೆ ತಿಳಿಸಲಾಗದೆ?

ಗೃಹಸ್ಥರ ಪಾಲಿನ ಕರ್ತವ್ಯವೂ ಒಂದುಂಟು. ಮನೆಯಲ್ಲಿ ಒಬ್ಬರು ಎದೆಯುರಿಯೆಂದಾಗ, ನಿದ್ರೆಯಿಲ್ಲವೆಂದಾಗ, ಯಾವುದೂ ಬೇಡವೆಂದಾಗ, "ಎಲ್ಲ ಮನಸ್ಸಿನ ಭ್ರಮೆ, ಸುಮ್ಮನಿರು" ಎಂದು ಬಾಯಿ ಮುಚ್ಚಿಸುವ ಅಭ್ಯಾಸವು ಹೋಗಬೇಕು. ಆ ಮಾತನ್ನು ಮನೆಯವರು ಕೇಳದಿದ್ದರೆ ವೈದ್ಯನವರೆಗೆ ಅದು ತಲುಪುವ ಬಗೆಯೇ ಇಲ್ಲ.