ಕ್ಯಾಮರಾ ಯಾರ ಪಕ್ಷ?

ಸಿನಿಮಾ ನೋಡಿ ಅಳದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ! ಈರುಳ್ಳಿ ಹೆಚ್ಚುವಾಗ ಬರುವ ಕಣ್ಣೀರಿಗೆ ಕಾರಣ ಗೊತ್ತು. ಕತ್ತಲಲ್ಲಿ ಕೂತು ಯಾರದೋ ಕಥೆಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೇವಲ್ಲ, ಅದಕ್ಕೇನು ಕಾರಣ? ನಟಿಯ ಅಭಿನಯ ಅಂತೀರಿ, ಹಾಡು ಅಂತೀರಿ. ಎರಡೂ ನಿಜವೇ. ಆದರೆ ಪರದೆಯ ಮೇಲೆ ಒಮ್ಮೆಯೂ ಮುಖ ತೋರಿಸದ ಇನ್ನೊಬ್ಬರಿದ್ದಾರೆ, ಛಾಯಾಗ್ರಾಹಕರು. ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗಲೇ ನಮ್ಮಲ್ಲಿ ಎಷ್ಟೋ ಮಂದಿಗೆ ಅವರ ಹೆಸರು ಗೊತ್ತಾದದ್ದು. ಕ್ಯಾಮರಾ ಎಷ್ಟು ಹತ್ತಿರ ನಿಲ್ಲಬೇಕು, ಯಾರ ಪಕ್ಕ ನಿಲ್ಲಬೇಕು ಅಂತ ಇಂಥವರೂ ನಿರ್ದೇಶಕರೂ ಕೂತು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ನಮ್ಮ ಕರುಳು ಆ ಕಡೆಗೇ ಎಳೆಯುತ್ತೆ.

1920ರ ಸುಮಾರಿಗೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರಂತೆ. ಒಬ್ಬ ನಟನ ಮುಖ, ಅದರಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಆ ಮುಖದ ಜೊತೆಗೆ ಒಂದು ಸಲ ಸೂಪಿನ ಬಟ್ಟಲು, ಇನ್ನೊಂದು ಸಲ ಹೆಣದ ಪೆಟ್ಟಿಗೆ ಜೋಡಿಸಿ ತೋರಿಸಿದರು. ನೋಡಿದವರು, ಹಸಿವನ್ನು ಎಷ್ಟು ಚೆನ್ನಾಗಿ ಅಭಿನಯಿಸಿದ್ದಾನೆ, ದುಃಖವನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾನೆ ಎಂದು ಹೊಗಳಿದರಂತೆ. ಮುಖ ಮಾತ್ರ ಅದೇ!

ನಮ್ಮ ಟೀವಿ ಧಾರಾವಾಹಿಯವರಿಗೆ ಈ ವಿದ್ಯೆ ಚೆನ್ನಾಗಿಯೇ ಒಲಿದಿದೆ. ಸೊಸೆ ಒಂದು ಮಾತಾಡಿದರೆ ಸಾಕು, ಅತ್ತೆಯ ಮುಖ, ನಾದಿನಿಯ ಮುಖ, ಮೈದುನನ ಮುಖ, ಮತ್ತೆ ಅತ್ತೆಯ ಮುಖ. ಪ್ರತಿಯೊಂದಕ್ಕೂ ಢಂ ಅಂತ ಸದ್ದು. ಅಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಹೋಗಿರುತ್ತೆ, ಕಥೆ ಮಾತ್ರ ಇದ್ದಲ್ಲೇ ಇರುತ್ತೆ. ಅತ್ತೆಯನ್ನು ಕೆಳಗಿನಿಂದ ತೋರಿಸುತ್ತಾರೆ, ರಾಕ್ಷಸಿಯ ಹಾಗೆ ಎತ್ತರ ಕಾಣಲಿ ಅಂತ. ಸೊಸೆಯನ್ನು ಮೇಲಿನಿಂದ, ಗುಬ್ಬಿಮರಿಯ ಹಾಗೆ. ಯಾರೂ ಬಾಯಿ ಬಿಡುವ ಮುಂಚೆಯೇ ಕೆಟ್ಟವರು ಯಾರೆಂದು ತೀರ್ಮಾನ ಆಗಿಹೋಯಿತು!

ಹತ್ತಿರದ ಚಿತ್ರಣವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ 'ಶರಪಂಜರ' ನೆನಪಿದೆಯಲ್ಲ? ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಸುತ್ತಲಿನವರಿಗೆ ಮಾತ್ರ ಅವಳು ಇನ್ನೂ ಹುಚ್ಚಿಯೇ. ಆಚೆಮನೆಯ ಕಿಟಕಿಯಿಂದ ನೋಡಿದ್ದರೆ ನಾವೂ ಹಾಗೇ ಅನ್ನುತ್ತಿದ್ದೆವೇನೋ. ಆದರೆ ಕ್ಯಾಮರಾ ಮತ್ತೆ ಮತ್ತೆ ಕಲ್ಪನಾ ಅವರ ಮುಖದ ಹತ್ತಿರಕ್ಕೇ ಹೋಗುತ್ತೆ. ಆ ದೊಡ್ಡ ಕಣ್ಣುಗಳನ್ನು ಅಷ್ಟು ಸಮೀಪದಿಂದ ಕಂಡ ಮೇಲೆ ಅವಳನ್ನು ಹುಚ್ಚಿ ಅನ್ನಲು ನಾಲಿಗೆ ಏಳುವುದಿಲ್ಲ.

ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ದಾರಿಯೇ ಬೇರೆ. ಯು.ಆರ್. ಅನಂತಮೂರ್ತಿಯವರ ಕಥೆ, ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ, ಸ್ವರ್ಣಕಮಲ ಪಡೆದ ಚಿತ್ರ. ಗರ್ಭಿಣಿಯಾದ ಎಳೆಯ ವಿಧವೆ ಯಮುನಕ್ಕನ ಕಥೆ. ನಾವು ಅದನ್ನು ಬಹುಪಾಲು ನೋಡುವುದು ವೇದಪಾಠಕ್ಕೆಂದು ಬಂದ ಪುಟ್ಟ ಹುಡುಗ ನಾಣಿಯ ಜೊತೆ. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಅವಳ ಮೇಲೆ ಪ್ರೀತಿ ಮಾತ್ರ ಇದೆ. ಕೊನೆಗೆ ಅಪ್ಪನ ಜೊತೆ ಊರು ಬಿಟ್ಟು ಹೊರಟಾಗ, ತಲೆ ಬೋಳಿಸಿಕೊಂಡು ಮರದಡಿ ಒಬ್ಬಳೇ ಕೂತ ಯಮುನಕ್ಕ ಅವನಿಗೆ ಕಾಣುತ್ತಾಳೆ. ಢಂ ಅನ್ನುವ ಸದ್ದಿಲ್ಲ, ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಅವನು ಅಪ್ಪನ ಹಿಂದೆ ಹೋಗಲೇಬೇಕು. ಅವನ ಜೊತೆ ನಾವೂ ಅವಳನ್ನು ಅಲ್ಲೇ ಬಿಟ್ಟು ಬರುತ್ತೇವೆ. ಆ ಬಿಟ್ಟು ಬಂದ ಸಂಕಟ ಮನೆಗೆ ಬಂದು ಅನ್ನಕ್ಕಿಟ್ಟರೂ ಹೋಗುವುದಿಲ್ಲ.

ಎಲ್ಲ ಚಿತ್ರಗಳೂ ಇಷ್ಟು ದಯೆ ತೋರುವುದಿಲ್ಲ. ಗಂಡ ಹೆಂಡತಿಯ ಕಪಾಳಕ್ಕೆ ಬಾರಿಸುವ ದೃಶ್ಯ ಹಳೆಯ ಚಿತ್ರಗಳಲ್ಲಿ ಎಷ್ಟು ಬಂದಿಲ್ಲ! ಏಟು ಬಿದ್ದ ಕೂಡಲೇ ಕ್ಯಾಮರಾ ಹೊಡೆದವನ ಮುಖಕ್ಕೆ ಹೋದರೆ, ಅಯ್ಯೋ ಪಾಪ, ಅವನಿಗೆಷ್ಟು ನೋವಾಗಿದೆ ಅಂತ ನಾವೇ ಮರುಗುತ್ತೇವೆ. ಕೆಂಪಾದ ಕೆನ್ನೆ ಚೌಕಟ್ಟಿನಿಂದ ಆಚೆ ಎಲ್ಲೋ ಇರುತ್ತೆ. ಅವಳ ಮುಖವನ್ನೇ ಎರಡು ಕ್ಷಣ ಹಿಡಿದಿಟ್ಟಿದ್ದರೆ ಥಿಯೇಟರಿನಲ್ಲಿ ಚಪ್ಪಾಳೆ ಬೀಳುತ್ತಿತ್ತೇ? ನನಗಂತೂ ಅನುಮಾನ.

ಒಂದು ಕೆಲಸ ಮಾಡಿ. ಇವತ್ತು ಸಂಜೆ ನಿಮ್ಮ ಮೆಚ್ಚಿನ ಧಾರಾವಾಹಿ ಬರುವಾಗ ಹತ್ತು ನಿಮಿಷ ರಿಮೋಟಿನಿಂದ ಸದ್ದು ಪೂರ್ತಿ ನಿಲ್ಲಿಸಿಬಿಡಿ. ಮನೆಯವರು ಗೊಣಗಲಿ, ಪರವಾಗಿಲ್ಲ. ಯಾರ ಮುಖ ಎಷ್ಟು ಸಲ ಬಂತು, ಯಾರನ್ನು ಕೆಳಗಿನಿಂದ ತೋರಿಸಿದರು, ಬೈಸಿಕೊಂಡವಳ ಮುಖ ಒಮ್ಮೆಯಾದರೂ ಬಂತೇ ಎಂದು ಬೆರಳಲ್ಲಿ ಎಣಿಸಿ. ಆ ಅತ್ತೆಯನ್ನು ಸೊಸೆಯಷ್ಟೇ ಹತ್ತಿರದಿಂದ, ಸಮಎತ್ತರದಿಂದ ತೋರಿಸಿದ್ದು ಯಾರಿಗಾದರೂ ಕಂಡರೆ ನನಗೊಂದು ಕಾಗದ ಬರೆಯಿರಿ.