ಮುಳ್ಳು ಚಿಕ್ಕದು, ಲೆಕ್ಕ ದೊಡ್ಡದು

ನಮ್ಮ ಕಡೆ ಡಿಜೆ ಅಂದರೆ ಗಣೇಶನ ಮೆರವಣಿಗೆ, ಎದೆ ನಡುಗಿಸುವ ಸ್ಪೀಕರು, ಲ್ಯಾಪ್‌ಟಾಪ್ ಮುಂದೆ ಕೂತ ಹುಡುಗ. ಆದರೆ ಎರಡು ಟರ್ನ್‌ಟೇಬಲ್, ನಡುವೆ ಒಂದು ಮಿಕ್ಸರ್ ಇಟ್ಟುಕೊಂಡು ವಿನೈಲ್ ರೆಕಾರ್ಡ್‌ಗಳನ್ನೇ ನುಡಿಸುವ ಹುಚ್ಚು ಇರುವವರೂ ಇದ್ದಾರೆ. ವಾರವೆಲ್ಲ ಕೋಡ್ ಬರೆದು ಶನಿವಾರ ಸಂಜೆ ರೆಕಾರ್ಡ್ ತಿರುಗಿಸುವ ನಾನೂ ಆ ಪೈಕಿ.

ಹೊಸಬರ ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಯಾವ ಟರ್ನ್‌ಟೇಬಲ್ ತಗೊಳ್ಳಲಿ?’ ಅಂತ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯ ಪ್ರಶ್ನೆ ‘ಯಾವ ಮುಳ್ಳು?’ ಇಡೀ ಸೆಟಪ್‌ನಲ್ಲಿ ರೆಕಾರ್ಡಿನ ಗೆರೆಯೊಳಗೆ ಇಳಿಯುವುದು ಅದೊಂದೇ. ಟರ್ನ್‌ಟೇಬಲ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಗೆರೆ ಸವೆದ ರೆಕಾರ್ಡಿಗೆ ರಿಪೇರಿ ಅನ್ನೋದೇ ಇಲ್ಲ.

ಮುಳ್ಳು ಯಾವುದು, ಕಾರ್ಟ್ರಿಜ್ ಯಾವುದು?

ತುದಿಯಲ್ಲಿರುವ ವಜ್ರದ ಚೂರು ಸ್ಟೈಲಸ್, ಹಿಂದಿನವರ ಮಾತಲ್ಲಿ ಮುಳ್ಳು. ಅದು ಕ್ಯಾಂಟಿಲಿವರ್ ಎಂಬ ಪುಟ್ಟ ಕಡ್ಡಿಯ ತುದಿಗೆ ಅಂಟಿರುತ್ತದೆ. ಕಡ್ಡಿಯ ಇನ್ನೊಂದು ತುದಿಯಲ್ಲಿ ಅಯಸ್ಕಾಂತ. ಗೆರೆಯ ಏರಿಳಿತಕ್ಕೆ ಮುಳ್ಳು ಅಲುಗಿದಾಗ ಅಯಸ್ಕಾಂತವೂ ಅಲುಗುತ್ತದೆ, ಪಕ್ಕದ ತಂತಿಸುರುಳಿಯಲ್ಲಿ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಸುರುಳಿ ಇರುವ ಡಬ್ಬಿಯೇ ಕಾರ್ಟ್ರಿಜ್. ಇದು ‘ಮೂವಿಂಗ್ ಮ್ಯಾಗ್ನೆಟ್’ ವಿಧಾನ. ಡಿಜೆಗೆ ಇದೇ ಸರಿ. ಮುಳ್ಳು ಸವೆದರೆ ಅದನ್ನಷ್ಟೇ ಕಿತ್ತು ಹೊಸದು ಹಾಕಬಹುದು. ದುಬಾರಿ ಹೈಫೈ ಲೋಕದ ‘ಮೂವಿಂಗ್ ಕಾಯಿಲ್’ನಲ್ಲಿ ಸಾಮಾನ್ಯವಾಗಿ ಆ ಅನುಕೂಲ ಇಲ್ಲ, ಅದರ ಬಡಕಲು ಸಿಗ್ನಲ್ ಡಿಜೆ ಮಿಕ್ಸರಿಗೆ ಸಾಲುವುದೂ ಇಲ್ಲ.

ದುಂಡೋ, ಮೊಟ್ಟೆಯಾಕಾರವೋ

ಮುಳ್ಳಿನ ತುದಿ ದುಂಡಗಿದ್ದರೆ ಸ್ಫೆರಿಕಲ್ (ಕೋನಿಕಲ್ ಅಂತಲೂ ಕರೆಯುತ್ತಾರೆ), ಹಿಂದೆ ಮುಂದೆ ಚಪ್ಪಟೆಯಾಗಿದ್ದರೆ ಎಲಿಪ್ಟಿಕಲ್. ದುಂಡು ತುದಿಯ ತ್ರಿಜ್ಯ ಸುಮಾರು 15ರಿಂದ 18 ಮೈಕ್ರಾನ್. ಎಲಿಪ್ಟಿಕಲ್‌ನ ಕಿರಿದಾದ ಅಂಚು 8 ಮೈಕ್ರಾನ್ ಆಸುಪಾಸು. ಕಿರಿದಾದಷ್ಟೂ ಗೆರೆಯ ಸೂಕ್ಷ್ಮ ತಿರುವುಗಳೊಳಗೆ ಹೋಗುತ್ತದೆ, ತಾಳ, ಗೆಜ್ಜೆಯಂಥ ಮೇಲಿನ ಸ್ವರಗಳು ಸ್ಪಷ್ಟವಾಗಿ ಕೇಳುತ್ತವೆ.

ಇದು ಗೊತ್ತಾಗುವುದು ರೆಕಾರ್ಡಿನ ಒಳಸುತ್ತಿನಲ್ಲಿ. 33⅓ ವೇಗದ ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಲೇಬಲ್ ಹತ್ತಿರ ಬರೀ 21 ಸೆಂ.ಮೀ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗಕ್ಕೆ ತುರುಕಿದ ಹಾಗೆ. ಅಲ್ಲಿ ದುಂಡು ಮುಳ್ಳು ತಡವರಿಸುತ್ತದೆ.

ಹಾಗಾದರೆ ಎಲ್ಲರೂ ಎಲಿಪ್ಟಿಕಲ್ ತಗೊಂಡರಾಯಿತಲ್ಲ? ಇಲ್ಲ. ಡಿಜೆ ರೆಕಾರ್ಡನ್ನು ಹಿಂದಕ್ಕೂ ತಿರುಗಿಸುತ್ತಾನೆ. ಚಕ್ರದ ಸೂಟ್‌ಕೇಸನ್ನು ಎಳೆದುಕೊಂಡು ಹೋದರೆ ಸಲೀಸು, ಹಳ್ಳದ ರಸ್ತೆಯಲ್ಲಿ ಅದನ್ನೇ ಮುಂದಕ್ಕೆ ತಳ್ಳಿ ನೋಡಿ. ಕ್ಯಾಂಟಿಲಿವರ್ ಕತೆಯೂ ಅದೇ. ಹಿಂದಕ್ಕೆ ತಿರುಗಿಸುವಾಗ ಚೂಪು ಅಂಚಿನ ಮುಳ್ಳು ಗೆರೆಗೆ ಹೆಚ್ಚು ತೊಂದರೆ ಕೊಡುತ್ತದೆ, ಗೆರೆ ಬಿಟ್ಟು ಹಾರುವುದೂ ಬೇಗ. ದುಂಡು ಮುಳ್ಳಿಗೆ ಎರಡೂ ದಿಕ್ಕು ಒಂದೇ.

ಈ ಜಗಳ ಇವತ್ತಿನದಲ್ಲ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಹುಟ್ಟಿದ ಕಾಲದಲ್ಲೇ, ಎಲೆಕ್ಟ್ರಾನಿಕ್ಸ್ ಕಲಿತಿದ್ದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎರಡೂ ಬಗೆಯ ಮುಳ್ಳುಗಳನ್ನು ಹೋಲಿಸಿ ನೋಡಿದ್ದರು. ಚೆನ್ನಾಗಿ ಕೇಳಿಸುವುದು ಒಂದು, ಗೆರೆಯಲ್ಲಿ ಗಟ್ಟಿಯಾಗಿ ಕೂರುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕೊಡುವ ಮುಳ್ಳು ಇವತ್ತಿಗೂ ಬಂದಿಲ್ಲ. ನಿಮ್ಮ ಕೆಲಸಕ್ಕೆ ಯಾವುದು ಮುಖ್ಯ ಅಂತ ನೀವೇ ತೀರ್ಮಾನಿಸಬೇಕು.

ಒಂದು ರೂಪಾಯಿ ನಾಣ್ಯದ ಪಾಠ

ಮುಳ್ಳು ಹಾರುತ್ತಿದೆ ಅಂದ ಕೂಡಲೇ ಹೆಡ್‌ಶೆಲ್ ಮೇಲೆ ನಾಣ್ಯ ಇಡುವವರಿದ್ದಾರೆ. ಈಗಿನ ಒಂದು ರೂಪಾಯಿ ನಾಣ್ಯ ಹತ್ತಿರ ಹತ್ತಿರ 3 ಗ್ರಾಂ. ಬಹಳಷ್ಟು ಡಿಜೆ ಕಾರ್ಟ್ರಿಜ್‌ಗಳಿಗೆ ಬೇಕಾದ ಭಾರ 3ರಿಂದ 4 ಗ್ರಾಂ. ಅಂದರೆ ಒಂದೇ ನಾಣ್ಯದಿಂದ ಭಾರ ಹೆಚ್ಚುಕಡಿಮೆ ಎರಡು ಪಟ್ಟು! ಕೂದಲೆಳೆಯಷ್ಟು ಅಗಲದ ಗೆರೆಯಲ್ಲಿ, ಅದಕ್ಕಿಂತಲೂ ಸಣ್ಣ ಜಾಗದ ಮೇಲೆ ಈ ಭಾರವೆಲ್ಲ ಬೀಳುತ್ತದೆ ಅನ್ನುವುದನ್ನು ಮರೆಯಬೇಡಿ.

ಹಾಗಂತ ಹಗುರ ಇಟ್ಟರೆ ರೆಕಾರ್ಡಿಗೆ ಒಳ್ಳೆಯದು ಅಂದುಕೊಳ್ಳುವುದೂ ಸರಿಯಲ್ಲ. ಭಾರ ಸಾಲದ ಮುಳ್ಳು ಗೆರೆಯ ಗೋಡೆಗಳಿಗೆ ಬಡಿಯುತ್ತಾ ಹೋಗುತ್ತದೆ, ಅದರಿಂದಲೂ ಗೆರೆ ಹಾಳು. ಕಂಪನಿ ಹೇಳಿದ ಅಂಕಿಯನ್ನೇ ನಂಬಿ. ತೋಳು ಗಾಳಿಯಲ್ಲಿ ಸಮನಾಗಿ ತೇಲುವಂತೆ ಹಿಂದಿನ ಭಾರವನ್ನು ಹೊಂದಿಸಿ, ಡಯಲ್ಲನ್ನು ಸೊನ್ನೆಗೆ ತಂದು, ಆಮೇಲೆ ಬೇಕಾದ ಗ್ರಾಂಗೆ ತಿರುಗಿಸಿ. ಪುಟ್ಟ ಡಿಜಿಟಲ್ ತಕ್ಕಡಿ ಒಂದಿದ್ದರೆ ಅನುಮಾನವೇ ಇರದು. ಮುಳ್ಳು ಆಮೇಲೂ ಹಾರಿದರೆ ಮೇಜು ಅಲುಗಾಡುತ್ತಿದೆಯಾ, ಸ್ಪೀಕರಿನ ಕಂಪನ ಬರುತ್ತಿದೆಯಾ, ಮುಳ್ಳಿಗೆ ಧೂಳಿನ ಉಂಡೆ ಕಟ್ಟಿದೆಯಾ ನೋಡಿ. ನಾಣ್ಯ ಕಾಫಿಗೆ ಇರಲಿ.

ಅಂಗಡಿಗೆ ಹೋಗುವ ಮುನ್ನ

ಡೆನ್ಮಾರ್ಕಿನ ಆರ್ಟೊಫೋನ್ ಕಂಪನಿಯ ‘ಕಾಂಕಾರ್ಡ್’ ಸರಣಿಯಲ್ಲಿ ಕಾರ್ಟ್ರಿಜ್ಜೂ ಹೆಡ್‌ಶೆಲ್ಲೂ ಒಂದೇ ತುಂಡು. ತೋಳಿಗೆ ಸಿಕ್ಕಿಸಿದರೆ ಮುಗಿಯಿತು, ಅಳತೆ ಹೊಂದಿಸುವ ತಲೆನೋವಿಲ್ಲ. 2018ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ‘ಸ್ಕ್ರ್ಯಾಚ್’ಗೆ ದುಂಡು ಮುಳ್ಳು, 4 ಗ್ರಾಂ ಭಾರ. ‘ಕ್ಲಬ್’ಗೆ ಎಲಿಪ್ಟಿಕಲ್, 3 ಗ್ರಾಂ. ಹೆಸರೇ ಕೆಲಸ ಹೇಳುತ್ತದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ನಯವಾಗಿ ಜಾರುವುದಷ್ಟೇ ನಿಮ್ಮ ಶೈಲಿಯಾದರೆ ಸ್ಕ್ರ್ಯಾಚ್ ಮುಳ್ಳಿಗೆ ದುಡ್ಡು ಹಾಕಬೇಡಿ.

ಸ್ಕ್ರ್ಯಾಚ್ ಮಾಡುವವರು ಇಂದಿಗೂ ನೆನೆಯುವ ಹೆಸರು ಶೂರ್ ಎಂ44-7. ಸುಮಾರು 9.5 ಮಿಲಿವೋಲ್ಟ್ ಔಟ್‌ಪುಟ್, ಏನು ಮಾಡಿದರೂ ಗೆರೆ ಬಿಡದ ಹಟ. ಶೂರ್ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಹಳೆಯ ಡಬ್ಬಿ ಸಿಕ್ಕರೆ ಜಪಾನಿನ ಜಿಕೋ ಕಂಪನಿಯ ಹೊಸ ಮುಳ್ಳು ಹಾಕಿ ಬಳಸಬಹುದು. ಸೆಕೆಂಡ್‌ಹ್ಯಾಂಡ್ ಕಾರ್ಟ್ರಿಜ್ ಕೊಳ್ಳಿ ಪರವಾಗಿಲ್ಲ, ಸೆಕೆಂಡ್‌ಹ್ಯಾಂಡ್ ಮುಳ್ಳು ಮಾತ್ರ ಬೇಡ. ಅದು ಎಷ್ಟು ಗಂಟೆ ಓಡಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಕಾರ್ಟ್ರಿಜ್ ಬೇರೆ, ಹೆಡ್‌ಶೆಲ್ ಬೇರೆ ಇರುವ ಮಾದರಿ ತಗೊಂಡರೆ ನಾಲ್ಕು ತಂತಿ ಜೋಡಿಸಬೇಕು: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಟೆಕ್ನಿಕ್ಸ್ ಎಸ್‌ಎಲ್-1200 ಆದರೆ ಹೆಡ್‌ಶೆಲ್ಲಿನ ಹಿಂದಿನ ರಬ್ಬರ್ ಉಂಗುರದ ಬಳಿಯಿಂದ ಮುಳ್ಳಿನ ತುದಿಗೆ 52 ಮಿ.ಮೀ. ಇನ್ನೊಂದು ಮಾತು, ಎರಡೂ ಟರ್ನ್‌ಟೇಬಲ್‌ಗೆ ಒಂದೇ ಮಾದರಿಯ ಕಾರ್ಟ್ರಿಜ್ ಇರಲಿ. 6 ಮಿಲಿವೋಲ್ಟ್‌ನದು ಒಂದು ಕಡೆ, 10ರದ್ದು ಇನ್ನೊಂದು ಕಡೆ ಇದ್ದರೆ ಪ್ರತಿ ಹಾಡಿಗೂ ಗೇನ್ ತಿರುಗಿಸುತ್ತಾ ಕೂರಬೇಕಾಗುತ್ತದೆ.

ಮುಳ್ಳನ್ನು ಒರೆಸುವಾಗ ಮೆತ್ತನೆ ಬ್ರಷ್ಷನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಕ್ಯಾಂಟಿಲಿವರ್ ಹೋಯಿತು ಅಂತಲೇ ಲೆಕ್ಕ.

ಅಪ್ಪನ ರೆಕಾರ್ಡ್ ತರಬಹುದಾ?

ನಿಜವಾದ ಸಂಕಟ ಇಲ್ಲಿದೆ. ಮನೆಯ ಅಟ್ಟದಲ್ಲಿ ರಾಜನ್-ನಾಗೇಂದ್ರರ ಹಾಡಿನ ಒಂದು ಹಳೆಯ ಇಪಿ ಸಿಗುತ್ತದೆ. ಕೆಫೆಯಲ್ಲಿ ಅದನ್ನು ನುಡಿಸಿದರೆ ಇಡೀ ಜನ ತಿರುಗಿ ನೋಡುತ್ತಾರೆ. ಆದರೆ ಅಂಥದ್ದು ಇನ್ನೊಂದು ಬೇಕೆಂದರೆ ಹಳೇ ಸಾಮಾನಿನ ಅಂಗಡಿಗಳಲ್ಲಿ ಅದೃಷ್ಟ ಹುಡುಕಬೇಕು. 4 ಗ್ರಾಂ ಮುಳ್ಳಿನ ಕೆಳಗೆ ಅದೇ ನಾಲ್ಕು ಸೆಕೆಂಡಿನ ತುಣುಕನ್ನು ಹಿಂದೆ ಮುಂದೆ ಉಜ್ಜುತ್ತಾ ಹೋದರೆ, ಆ ಜಾಗದಲ್ಲಿ ಹಾಡಿನ ಹಿಂದೆ ‘ಚರ್’ ಅನ್ನುವ ಸದ್ದು ಕಾಯಂ ಆಗಿ ನಿಂತುಬಿಡುತ್ತದೆ.

ರೆಕಾರ್ಡ್ ಇರುವುದೇ ನುಡಿಸುವುದಕ್ಕೆ, ಬೀರುವಿನಲ್ಲಿಟ್ಟು ಪೂಜೆ ಮಾಡುವುದಕ್ಕಲ್ಲ ಅನ್ನುವವರ ಮಾತೂ ನಿಜ. ಹಾಗಾಗಿ ನನ್ನದೊಂದು ನಿಯಮ ಇದೆ. ಮತ್ತೆ ಸಿಗುವ ರೆಕಾರ್ಡ್ ಆದರೆ ಏನು ಬೇಕಾದರೂ ಮಾಡುತ್ತೇನೆ. ಮತ್ತೆ ಸಿಗದ್ದಾದರೆ ಶುಚಿಯಾದ ಎಲಿಪ್ಟಿಕಲ್ ಮುಳ್ಳು, ಹೇಳಿದಷ್ಟೇ ಭಾರ, ಮೊದಲಿನಿಂದ ಕೊನೆಯವರೆಗೆ ಒಂದೇ ದಿಕ್ಕು. ಅದನ್ನು ಸ್ಕ್ರ್ಯಾಚ್ ಮಾಡಲೇಬೇಕು ಅನಿಸಿದರೆ ಒಮ್ಮೆ ಕಂಪ್ಯೂಟರಿಗೆ ಇಳಿಸಿಕೊಂಡು, ಸೆರಾಟೊದಂಥ ಟೈಮ್‌ಕೋಡ್ ರೆಕಾರ್ಡ್ ಮೂಲಕ ಆಡಿಸುತ್ತೇನೆ. ಅಲ್ಲಿ ಸವೆಯುವುದು ಬರೀ ಸಂಕೇತ ತುಂಬಿದ ಪ್ಲೇಟು, ಹಾಡಲ್ಲ.

ಒಂದು ವೇಳೆ ಅಟ್ಟದಲ್ಲಿ ಸಿಕ್ಕಿದ್ದು ತಾತನ ಕಾಲದ 78 ವೇಗದ ಅರಗಿನ ಪ್ಲೇಟಾದರೆ ಮೇಲೆ ಹೇಳಿದ ಯಾವ ಮುಳ್ಳನ್ನೂ ಅದಕ್ಕೆ ತಾಗಿಸಬೇಡಿ. ಅದರ ಗೆರೆ ತುಂಬಾ ಅಗಲ, ಅದಕ್ಕೆ ಸುಮಾರು 65ರಿಂದ 75 ಮೈಕ್ರಾನ್ ತ್ರಿಜ್ಯದ ಬೇರೆಯೇ ಮುಳ್ಳು ಬೇಕು. ಅದು ಬರುವ ತನಕ ಪ್ಲೇಟು ಕವರಿನಲ್ಲೇ ಇರಲಿ, ನಿಲ್ಲಿಸಿ ಇಡಿ, ಬಿಸಿಲಿಗೆ ಇಡಬೇಡಿ.